ದಾವಣಗೆರೆಯಲ್ಲಿ ಮನೆಗೆ ಬರುವ ‘ಎ2’ ಬಾಟಲಿ ಹಾಲು: ಚೀಟಿ ನಂಬಬಹುದೇ?

ಹಾಲಿಗೆ ಹೆಸರಿಡುವಂತಿಲ್ಲ, ಕಾಯಿಸಿದರೆ ಕೆನೆ ದಪ್ಪ, ಕಾಫಿಗೆ ಒಳ್ಳೆಯ ಹದ. ತಕರಾರು ಚೀಟಿಯ ಮೇಲಿನ ‘ಎ2’ ಬಗ್ಗೆ. ಹಾಲಿನಲ್ಲಿರುವ ಬೀಟಾ ಕೇಸಿನ್ ಎಂಬ ಪ್ರೋಟೀನಿನ 209 ಅಮೈನೊ ಆಮ್ಲಗಳಲ್ಲಿ 67ನೆಯದು ಪ್ರೋಲಿನ್ ಆದರೆ ಎ2, ಹಿಸ್ಟಿಡಿನ್ ಆದರೆ ಎ1. ನಾಟಿ ಹಸುಗಳಲ್ಲಿ ಬಹುಪಾಲು ಎ2ನೇ. ಎಮ್ಮೆ ಹಾಲೂ ಅದೇ, ಅದಕ್ಕೆ ಚೀಟಿ ಅಂಟಿಸುವವರು ಕಡಿಮೆ! ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿಯಲ್ಲಿ ಎರಡೂ ಇರಬಹುದು. ಅಂಥ ಒಂದು ಹಸುವಿನ ಹಾಲು ಕ್ಯಾನಿಗೆ ಬೆರೆತರೂ ಎ2 ಮಾತು ಸುಳ್ಳಾಯಿತು. ಬಾಲದ ಕೂದಲನ್ನು ಬುಡಸಮೇತ ಕಿತ್ತು ಮಾಡಿಸುವ ಜೀನ್ ಪರೀಕ್ಷೆ ಇದೆ. ಪ್ರತಿ ಹಸುವಿನ ‘ಎ2ಎ2’ (ಜೀನಿನ ಎರಡೂ ಪ್ರತಿ ಎ2) ವರದಿ ಕೇಳಿ, ತೋರಿಸದಿದ್ದರೆ ಹೆಚ್ಚಿನ ದರ ಕೊಡಬೇಡಿ. ಮೊಸರು ಗಟ್ಟಿ ಬಂದರೆ ಅದು ಘನಾಂಶದ ಗುಣ, ಎ2ಗೆ ಪುರಾವೆಯಲ್ಲ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಒಗ್ಗದವರೇ, ಇದರಲ್ಲೂ ಅದು ಅಷ್ಟೇ ಇದೆ.