ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕಿಗೆ ಯಾವ ಮದ್ದು? ವಿನೆಗರ್, ನಿಂಬೆ ಉಪ್ಪು, ಕಾಕಂಬಿ, ಕರೆಂಟು

ಹಳೆ ಗಾಡಿ ಸ್ವಲ್ಪ ದೂರ ಓಡಿ ಸುಮ್ನೆ ನಿಂತುಬಿಡುತ್ತದೆ. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಮತ್ತೆ ಹೊರಡುತ್ತದೆ. ಪ್ಲಗ್ ಬದಲಾಯಿಸಿದ್ದಾಯಿತು, ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದಾಯಿತು, ಮತ್ತೆ ಅದೇ ಕತೆ. ಹೀಗಾಗುತ್ತಿದ್ದರೆ ಟ್ಯಾಂಕಿನ ಮುಚ್ಚಳ ತೆಗೆದು ಹಗಲು ಬೆಳಕಿನಲ್ಲಿ ಒಳಗೆ ಇಣುಕಿ ನೋಡಿ. ತಳದಲ್ಲಿ ಕೆಂಪು ಪುಡಿ ಕೂತಿದ್ದರೆ ತಪ್ಪು ಕಾರ್ಬೊರೇಟರ್‌ನದಲ್ಲ. ಮೇಲಿಂದ ತುಕ್ಕು ಇಳಿಯುತ್ತಿರುವವರೆಗೂ ಅದರ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಎಷ್ಟು ಸಲ ಊದಿದರೂ ಅಷ್ಟೇ.

ನಮ್ಮ ಮನೆಯಲ್ಲಿ ಇಂಥವು ಮೂರಿವೆ. ಅಪ್ಪನ ಯೆಜ್ಡಿ, ಚಿಕ್ಕಪ್ಪ ಕಾರು ಕೊಂಡ ಮೇಲೆ ನಮ್ಮ ಶೆಡ್ಡಿಗೆ ಬಂದ ಚೇತಕ್, ನಾನು ಕಾಲೇಜಿಗೆ ಓಡಿಸುತ್ತಿದ್ದ ಹೀರೊ ಹೊಂಡಾ ಸ್ಪ್ಲೆಂಡರ್. ಮೂರೂ ಈಗ ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ. ತುಕ್ಕಿಗೆ ಬೇಕಾದದ್ದೂ ಅದೇ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ರಾತ್ರಿ ತಂಪಿಗೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಇದರ ಮೇಲೆ ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ. ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ದಿನಾ ಓಡುವ ಗಾಡಿಯಲ್ಲಿ ಆ ನೀರು ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಜಾಸ್ತಿಯಾಗಿ, ಎಥೆನಾಲನ್ನೂ ಎಳೆದುಕೊಂಡು ಬೇರೆ ಪದರವಾಗಿ ತಳ ಸೇರುತ್ತದೆ.

ಹೊಸ ಟ್ಯಾಂಕ್ ಹಾಕಿಸಬಹುದಲ್ಲ ಅಂದರೆ, ಸ್ಪ್ಲೆಂಡರ್‌ಗೆ ಸರಿ. ಯೆಜ್ಡಿಗೆ ಎಲ್ಲಿಂದ ತರುವುದು? ಅದನ್ನು ತಯಾರಿಸುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಗುಜರಿಯಲ್ಲಿ ಸಿಗುವ ಟ್ಯಾಂಕು ನಮ್ಮದಕ್ಕಿಂತ ಕೆಟ್ಟದಾಗಿರುತ್ತದೆ, ಬೆಲೆ ಮಾತ್ರ ಒಡವೆಯದು.

ತುಕ್ಕು ತೆಗೆಯುವುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಟಾಯ್ಲೆಟ್ ಆಸಿಡ್ ಸುರಿ ಅನ್ನುವವರಿದ್ದಾರೆ. ವಿನೆಗರ್ ಸಾಕು ಅನ್ನುವವರೂ ಇದ್ದಾರೆ. ಮೆಕ್ಯಾನಿಕ್ ಅಣ್ಣನದು ಎಲ್ಲಕ್ಕಿಂತ ಸುಲಭದ ದಾರಿ: "ಒಂದು ಬೊಗಸೆ ಬೇಬಿ ಜಲ್ಲಿ ಹಾಕಿ ಚೆನ್ನಾಗಿ ಕುಲುಕಿ ಸಾರ್, ಎಲ್ಲಾ ಉದುರುತ್ತೆ." ಅಪ್ಪನ ಟ್ಯಾಂಕಿನ ಮೇಲೆ ನೇರವಾಗಿ ಪ್ರಯೋಗ ಮಾಡುವ ಧೈರ್ಯ ನನಗಿರಲಿಲ್ಲ. ಗುಜರಿ ಅಂಗಡಿಯಿಂದ ಒಳಗೆಲ್ಲ ತುಕ್ಕು ಹಿಡಿದ ಬೈಕ್ ಟ್ಯಾಂಕ್ ಒಂದನ್ನು ತೂಕದ ಲೆಕ್ಕದಲ್ಲಿ ತಂದೆ. ಸೋಪಿನ ಪುಡಿ ನೀರಿನಲ್ಲಿ ಹಲವು ಸಲ ತೊಳೆದು, ಬಿಸಿಲಿಗೆ ಬಾಯಿ ತೆರೆದಿಟ್ಟು, ಮತ್ತೆ ನೀರು ತುಂಬಿ ಚೆಲ್ಲಿ, ಆಮೇಲೆ ಕೈ ಹ್ಯಾಕ್ಸಾದಲ್ಲಿ ತುಂಡು ಮಾಡಿದೆ. ಗ್ರೈಂಡರ್ ಮುಟ್ಟಲಿಲ್ಲ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ. ಒಳಗೆ ಉಳಿದ ಪೆಟ್ರೋಲ್ ಆವಿ ಗಾಳಿಯ ಜೊತೆ ಸೇರಿಕೊಂಡಿದ್ದರೆ ಒಂದೇ ಕಿಡಿ ಸಾಕು.

ಒಂದೇ ಟ್ಯಾಂಕಿನ ತುಂಡುಗಳು, ಒಂದೇ ತರಹದ ತುಕ್ಕು, ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬ. ಹೋಲಿಸುವುದಕ್ಕೆ ಇದಕ್ಕಿಂತ ನ್ಯಾಯವಾದ ದಾರಿ ನನಗೆ ಕಾಣಲಿಲ್ಲ.

ಶುರು ಮಾಡುವ ಮೊದಲು ಟೂ ಸ್ಟ್ರೋಕ್ ಗಾಡಿಯವರಿಗೆ ಒಂದು ಮಾತು. ಯೆಜ್ಡಿ, ಹಳೆ ಚೇತಕ್, ಟಿವಿಎಸ್ 50 ಇವಕ್ಕೆಲ್ಲ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುತ್ತೇವೆ. ಆ ಆಯಿಲ್ ಟ್ಯಾಂಕಿನ ಒಳಗೋಡೆಗೆ ಅಂಟಿರುತ್ತದೆ. ಮೇಲೆ ಜಿಡ್ಡು, ಅಡಿಯಲ್ಲಿ ತುಕ್ಕು. ಜಿಡ್ಡು ತೆಗೆಯದೆ ಯಾವ ಹುಳಿ (ಆಸಿಡ್) ಸುರಿದರೂ ಅದು ತುಕ್ಕನ್ನು ಮುಟ್ಟುವುದೇ ಇಲ್ಲ. ಮೊದಲು ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿ ನೀರು. ನೀರು ಒಳಗೋಡೆಯ ಮೇಲೆ ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿದರೆ ಜಿಡ್ಡು ಹೋಗಿದೆ ಅಂತ ಲೆಕ್ಕ.

ಟಾಯ್ಲೆಟ್ ಆಸಿಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ, ನಿಜ. ತುಕ್ಕು ಮುಗಿದ ಮೇಲೂ ನಿಲ್ಲದೆ ಒಳ್ಳೆ ತಗಡನ್ನೂ ತಿನ್ನುತ್ತದೆ. ತೊಳೆದು ಎತ್ತಿಟ್ಟ ತುಂಡು ಕಣ್ಣೆದುರಿಗೇ ಅರಿಶಿನ ಬಣ್ಣಕ್ಕೆ ತಿರುಗಿತು. ಅದರ ಹಬೆಗೆ ಪಕ್ಕದಲ್ಲಿ ನೇತು ಹಾಕಿದ ಸ್ಪ್ಯಾನರ್‌ಗಳಿಗೂ ತುಕ್ಕು ಬರುತ್ತದೆ. ಬ್ಲೀಚಿಂಗ್ ಪೌಡರ್ ಏನಾದರೂ ಸೇರಿದರೆ ವಿಷಗಾಳಿ. ಬೇಡವೇ ಬೇಡ.

ಬೇಬಿ ಜಲ್ಲಿಯದೂ ಹಾಗೆಯೇ ಪಕ್ಕಕ್ಕಿಡುತ್ತೇನೆ. ಕಲ್ಲು ಒಳಗೇ ಒಡೆದು ಪುಡಿಯಾಗುತ್ತದೆ, ಆ ಪುಡಿ ಹುಡುಕಿ ತೆಗೆಯುವುದು ತುಕ್ಕಿಗಿಂತ ಕಷ್ಟ. ಪದರಪದರವಾಗಿ ಎದ್ದ ತುಕ್ಕನ್ನು ಉದುರಿಸಬೇಕಿದ್ದರೆ ಹಳೆ ಸೈಕಲ್ ಚೈನ್ ತುಂಡು ಹಾಕಿ ಕುಲುಕಿ. ತುದಿಗೆ ತಂತಿ ಕಟ್ಟಿದ್ದರೆ ಎಳೆದು ತೆಗೆಯಬಹುದು. ಇದು ಮೊದಲ ಹೆಜ್ಜೆ ಮಾತ್ರ, ಬೇರಿಗೆ ಹೋಗುವುದಿಲ್ಲ.

ವಿನೆಗರ್ ಸಾಧು ಸ್ವಭಾವದ್ದು. ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಅಸಿಟಿಕ್ ಆಸಿಡ್ ಇರುವುದು ಶೇಕಡಾ 4ರ ಆಸುಪಾಸು. ತೆಳು ತುಕ್ಕಿಗೆ ರಾತ್ರಿ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಕಪ್ಪು ಮಸಿಯಂತಾಗಿ ಉಜ್ಜಿದರೆ ಬರುತ್ತದೆ. ದಪ್ಪ ತುಕ್ಕಿಗೆ ದಿನಗಟ್ಟಲೆ ಬೇಕು. ತೊಂದರೆ ಗುಣದ್ದಲ್ಲ, ಲೆಕ್ಕದ್ದು. ಸ್ಪ್ಲೆಂಡರ್ ಟ್ಯಾಂಕು ಹತ್ತು ಲೀಟರ್ ಆಸುಪಾಸಿನದು. ಅದನ್ನು ಪೂರ್ತಿ ತುಂಬಿಸಲು ಕಿರಾಣಿ ಅಂಗಡಿಯ ಬಾಟಲಿಗಳು ಎಷ್ಟು ಬೇಕು ನೋಡಿ. ಅರ್ಧ ತುಂಬಿಸಿ ಆಗಾಗ ಮಗುಚಿ ಇಡುತ್ತೇನೆ ಅಂದುಕೊಂಡರೆ ದ್ರವದ ಮಟ್ಟ ನಿಂತ ಕಡೆಯೆಲ್ಲ ಗೆರೆ ಮೂಡುತ್ತದೆ, ಅದರ ಮೇಲಿನ ಒದ್ದೆ ಭಾಗಕ್ಕೆ ಹೊಸ ತುಕ್ಕು ಬರುತ್ತದೆ. ನಟ್ಟು, ಬೋಲ್ಟು, ಟೂಲ್ ಬಾಕ್ಸ್ ಬೀಗದಂಥ ಸಣ್ಣಪುಟ್ಟಕ್ಕೆ ಇದು ಒಳ್ಳೆಯದು. ಟ್ಯಾಂಕಿಗೆ ಅಲ್ಲ.

ನಿಂಬೆ ಉಪ್ಪಿನಲ್ಲಿ ನನಗೆ ಮನಸ್ಸು ಕೂತಿತು. ಸಿಟ್ರಿಕ್ ಆಸಿಡ್ ಹರಳು ಇದು. ಪುಡಿಯ ರೂಪದಲ್ಲಿ ಸಿಗುವುದರಿಂದ ಹುಳಿ ಎಷ್ಟು ಬೇಕು ಅನ್ನುವುದು ನಮ್ಮ ಕೈಯಲ್ಲೇ ಇರುತ್ತದೆ. ಲೀಟರ್ ನೀರಿಗೆ 50ರಿಂದ 100 ಗ್ರಾಂ ಹಾಕಿದರೆ ಸಾಕು. ಅಂದರೆ ಸ್ಪ್ಲೆಂಡರ್ ಟ್ಯಾಂಕ್ ಪೂರ್ತಿ ತುಂಬಲು ಹೆಚ್ಚೆಂದರೆ ಒಂದು ಕಿಲೋ. ಸ್ನಾನದ ನೀರಿನಷ್ಟು ಬಿಸಿ ಇದ್ದರೆ ಇನ್ನೂ ಚುರುಕು. ಸಂಜೆ ಹಾಕಿದ್ದು ಮಾರನೆ ದಿನಕ್ಕೆ ಹಸಿರು-ಹಳದಿ ನೀರಾಗಿರುತ್ತದೆ, ಒಳಗಿನ ತಗಡು ಬೂದು ಬಣ್ಣಕ್ಕೆ ಬಂದಿರುತ್ತದೆ. ಮರೆತು ವಾರ ಬಿಟ್ಟರೆ ಇದೂ ತಗಡನ್ನು ತಿನ್ನುತ್ತದೆ, ಆದರೆ ಟಾಯ್ಲೆಟ್ ಆಸಿಡ್‌ನ ಆತುರ ಇದಕ್ಕಿಲ್ಲ. ಎದ್ದು ನೋಡುವಷ್ಟು ಸಮಯ ಕೊಡುತ್ತದೆ.

ಹಾಕುವ ಮೊದಲು ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ), ಪೆಟ್ರೋಲ್ ಮೀಟರಿನ ಫ್ಲೋಟ್ ಎರಡನ್ನೂ ಬಿಚ್ಚಿಡಿ. ಆ ತೂತುಗಳಿಗೆ ಸೈಕಲ್ ಟ್ಯೂಬ್ ತುಂಡು ಇಟ್ಟು ಅದರ ಮೇಲೆ ತಗಡು ಬಿಗಿದರೆ ಸೋರುವುದಿಲ್ಲ. ಮೇಲಿನ ಮುಚ್ಚಳವನ್ನು ಮಾತ್ರ ಬಿಗಿಯಬೇಡಿ. ಹುಳಿ ಕಬ್ಬಿಣಕ್ಕೆ ತಾಗಿದಾಗ ಹೈಡ್ರೋಜನ್ ಬರುತ್ತದೆ, ಅದು ಹೊರಗೆ ಹೋಗಬೇಕು. ಬಣ್ಣದ ಮೇಲೆ ಹನಿ ಬಿದ್ದರೆ ತಕ್ಷಣ ಒರೆಸಿ.

ಈಗ ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಮಂಡ್ಯದ ಕಡೆಯವರಿಗೆ ಇದನ್ನು ಪರಿಚಯ ಮಾಡಿಸಬೇಕಾಗಿಲ್ಲ, ಅಲ್ಲಿನ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದ 1933ರಿಂದ ಮೂಗಿಗೆ ಅಭ್ಯಾಸ. ನಮ್ಮ ಅತ್ತೆಯ ಮನೆಯಲ್ಲಿ ಹಸುವಿನ ಮೇವಿಗೆ ಬೆರೆಸಲು ತಂದಿಟ್ಟದ್ದರಲ್ಲಿ ಒಂದು ಡಬ್ಬ ಕೇಳಿ ತಂದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಇದು ಹುಳಿಯ ಹಾಗೆ ತಿನ್ನುವುದಿಲ್ಲ, ಅದರಲ್ಲಿರುವ ಕೆಲವು ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಒಳ್ಳೆ ಉಕ್ಕಿನ ತಂಟೆಗೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಅಲ್ಯೂಮಿನಿಯಂ, ಸತು ಇದ್ದರೆ ಮಾತ್ರ ಹಾಕಬೇಡಿ, ಅವನ್ನು ತಿಂದುಬಿಡುತ್ತದೆ.

ಫಲಿತಾಂಶ ನೋಡಿದರೆ ಇದೇ ಮೊದಲು. ಎರಡು ವಾರದ ಮೇಲೆ ತೆಗೆದ ತುಂಡು ಎಲ್ಲಕ್ಕಿಂತ ಸ್ವಚ್ಛವಾಗಿತ್ತು, ಗುಳಿಗಳ ಒಳಗೂ ತುಕ್ಕು ಉಳಿದಿರಲಿಲ್ಲ. ಆದರೆ ಎರಡು ವಾರ! ಬೇಸಿಗೆಯಲ್ಲಿ ಬೇಗ, ಚಳಿಗಾಲದಲ್ಲಿ ಇನ್ನೂ ನಿಧಾನ. ಮೇಲೆ ನೊರೆ, ಬೂಷ್ಟು, ನೊಣ. ಹುದುಗು ಬಂದ ವಾಸನೆ ಕಾಂಪೌಂಡ್ ದಾಟಿತು. ಪಕ್ಕದ ಮನೆಯವರು ಅಮ್ಮನನ್ನು ಕರೆದು "ಏನಕ್ಕಾ, ಮನೇಲಿ ಕಳ್ಳಭಟ್ಟಿ ಇಳಿಸ್ತಾ ಇದ್ದೀರಾ?" ಅಂತ ಕೇಳಿದರು. ಅವರ ಅನುಮಾನ ಸುಳ್ಳೇನಲ್ಲ ಅನ್ನಿ, ಕಾಕಂಬಿ ಹುದುಗಿದರೆ ಬರುವುದು ಅದೇ. ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ನಲ್ಲಿ ಒಂದು ಭಾಗ ಬರುವುದೂ ಈ ಕಾಕಂಬಿಯಿಂದಲೇ. ಒಂದು ಕೈಯಲ್ಲಿ ನೀರು ಸೇರಿಸಿ ತುಕ್ಕು ತರುತ್ತದೆ, ಇನ್ನೊಂದು ಕೈಯಲ್ಲಿ ಅದೇ ತುಕ್ಕು ತೆಗೆಯುತ್ತದೆ. ಅಪ್ಪ ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ಅಮ್ಮ ನಗಲಿಲ್ಲ.

ಕರೆಂಟಿನ ದಾರಿ ಹುಡುಗರಿಗೆ ಇಷ್ಟವಾಗುತ್ತದೆ, ನನಗೂ ಆಯಿತು. ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ, ಲೀಟರಿಗೆ ಒಂದು ಚಮಚದ ಲೆಕ್ಕ. 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ಮೈನಸ್ ತಂತಿ ತುಕ್ಕು ಹಿಡಿದ ತುಂಡಿಗೆ, ಪ್ಲಸ್ ತಂತಿ ಯಾವುದಾದರೂ ಬೇಡದ ಕಬ್ಬಿಣದ ಕಂಬಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ವಿಚ್ ಹಾಕಿದ ಕೂಡಲೇ ಗುಳ್ಳೆ ಏಳುತ್ತದೆ. ಕೆಲವು ಗಂಟೆಗಳಲ್ಲಿ ಕೆಂಪು ತುಕ್ಕು ಕಪ್ಪು ಮಸಿಯಾಗಿ, ಬ್ರಷ್ ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ತಗಡು ಒಂದಿಷ್ಟೂ ಸವೆಯುವುದಿಲ್ಲ. ಪ್ಲಸ್‌ಗೆ ಸ್ಟೀಲ್ ಪಾತ್ರೆ, ಸ್ಟೀಲ್ ಚಮಚ ಹಾಕಬೇಡಿ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಬಯಲಿನಲ್ಲೇ ಮಾಡಿ. ಕ್ಲಿಪ್ ಬಿಚ್ಚುವ ಮೊದಲು ಗೋಡೆಯ ಸ್ವಿಚ್ ಆರಿಸಿ, ಆ ಗುಳ್ಳೆ ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಚಾರ್ಜರ್ ಹಳೆ ಟ್ರಾನ್ಸ್‌ಫಾರ್ಮರ್ ನಮೂನೆಯದ್ದೇ ಬೇಕು. ಹೊಸ ಆಟೊಮ್ಯಾಟಿಕ್ ಚಾರ್ಜರ್‌ಗಳಲ್ಲಿ ಬಹಳಷ್ಟು ಎದುರಿಗೆ ಬ್ಯಾಟರಿ ಕಾಣದಿದ್ದರೆ ಕರೆಂಟೇ ಬಿಡುವುದಿಲ್ಲ.

ಡಬ್ಬದಲ್ಲಿ ಗೆದ್ದ ಈ ವಿಧಾನ ಯೆಜ್ಡಿ ಟ್ಯಾಂಕಿನಲ್ಲಿ ಸೋತಿತು. ಕರೆಂಟು ಕಂಬಿಗೆ ನೇರ ಎದುರಿಗಿರುವ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ, ಮರೆಯಲ್ಲಿ ಇರುವ ಕಡೆ ಇಲ್ಲ. ಬೈಕಿನ ಟ್ಯಾಂಕು ಕುದುರೆ ಜೀನಿನ ಹಾಗೆ ಚಾಸಿಯ ಪೈಪಿನ ಎರಡೂ ಬದಿಗೆ ಇಳಿದು ಕೂತಿರುತ್ತದೆ. ಬಾಯಿಂದ ಇಳಿಬಿಟ್ಟ ಕಂಬಿಗೆ ಒಂದು ಬದಿ ಕಂಡರೆ ಇನ್ನೊಂದು ಬದಿ ಕಾಣದು. ಚೇತಕ್ ಟ್ಯಾಂಕು ಸೀಟಿನ ಕೆಳಗಿನದು, ಮಧ್ಯೆ ಅಂಥ ಸುರಂಗ ಇಲ್ಲ. ಅದಕ್ಕೆ ಕರೆಂಟು ಹೇಳಿ ಮಾಡಿಸಿದಂತಿತ್ತು. ತೂತು ಕೊರೆದ ಪಿವಿಸಿ ಪೈಪಿನೊಳಗೆ ಕಂಬಿ ಇಳಿಸಿ ಹಾಕಿದೆ, ಗೋಡೆಗೆ ತಾಗುವ ಭಯ ಇಲ್ಲ. ಸ್ಟ್ಯಾಂಡ್, ಫುಟ್‌ರೆಸ್ಟ್, ಮಡ್‌ಗಾರ್ಡ್ ಕ್ಲಾಂಪಿನಂಥವಕ್ಕೂ ಕರೆಂಟೇ ಸರಿ. ಸ್ಪ್ರಿಂಗುಗಳನ್ನು ಮಾತ್ರ ಹುಳಿಗೂ ಹಾಕಬೇಡಿ, ಕರೆಂಟಿಗೂ ಕೊಡಬೇಡಿ. ಹೈಡ್ರೋಜನ್ ಒಳಗೆ ಇಳಿದು ಗಡುಸು ಉಕ್ಕು ಪೆಡಸಾಗಿ ಮುರಿಯುತ್ತದೆ.

ಕೊನೆಗೆ ಯೆಜ್ಡಿ, ಸ್ಪ್ಲೆಂಡರ್ ಎರಡಕ್ಕೂ ನಿಂಬೆ ಉಪ್ಪೇ ಹಾಕಿದೆ. ಕಾಕಂಬಿ ಇನ್ನೂ ಚೆನ್ನಾಗಿತ್ತು, ಒಪ್ಪುತ್ತೇನೆ. ಊರಾಚೆ ತೋಟದ ಮನೆ ಇದ್ದವರು ಅದನ್ನೇ ಮಾಡಲಿ.

ಯಾವುದೇ ದಾರಿ ಹಿಡಿದರೂ ನಿಜವಾದ ಗೆಲುವು ಸೋಲು ಆಗುವುದು ತೊಳೆದ ಮೇಲಿನ ಅರ್ಧ ಗಂಟೆಯಲ್ಲಿ. ತುಕ್ಕು ಬಿಟ್ಟ ತಗಡು ಬೆತ್ತಲೆ. ಒದ್ದೆ ಇರುವಾಗಲೇ ಗಾಳಿ ತಾಗಿದರೆ ಮತ್ತೆ ಕೆಂಪಾಗುತ್ತದೆ. ಹುಳಿ ಚೆಲ್ಲಿದ ಕೂಡಲೇ ಅಡುಗೆ ಸೋಡಾ ಕರಗಿಸಿದ ನೀರು, ಅದು ಚೆಲ್ಲಿದ ಕೂಡಲೇ ಬಿಸಿ ನೀರು, ಹಿಂದೆಯೇ ಹೇರ್ ಡ್ರೈಯರ್. ಮೂರೂ ಮೊದಲೇ ಕೈಗೆ ಸಿಗುವ ಹಾಗೆ ಜೋಡಿಸಿಟ್ಟುಕೊಂಡಿರಬೇಕು. ಒಣಗಿದ ಕೂಡಲೇ ಟೂ ಸ್ಟ್ರೋಕ್ ಟ್ಯಾಂಕಿಗೆ ಒಂದಿಷ್ಟು 2ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಅದೇ ಆಯಿಲ್) ಸುರಿದು ಎಲ್ಲ ಕಡೆ ತಾಗುವಂತೆ ತಿರುಗಿಸಿಬಿಟ್ಟರೆ ಆಯಿತು. ಸ್ಪ್ಲೆಂಡರ್ ಫೋರ್ ಸ್ಟ್ರೋಕ್, ಅದಕ್ಕೆ ಆ ಆಯಿಲ್ ರಕ್ಷಣೆ ಇಲ್ಲ. ಅಲ್ಲಿ ಮಾತ್ರ ಫಾಸ್ಫರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ತಂದು ಕೊನೆಯ ಕೈ ಕೊಟ್ಟೆ. ಅದು ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಪದರ ಬಿಡುತ್ತದೆ, ಹೊಸ ತುಕ್ಕು ತಡವಾಗುತ್ತದೆ. ಆಮೇಲೆ ಟ್ಯಾಂಕು ಪೂರ್ತಿ ತುಂಬಿಸಿಯೇ ಇಟ್ಟಿದ್ದೇನೆ, ಕಾಕ್ ಕೆಳಗೆ ಒಂದು ಸಣ್ಣ ಪೇಪರ್ ಫಿಲ್ಟರ್.

ಶುರು ಮಾಡುವ ಮೊದಲೇ ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಹಳೆ ಟ್ಯಾಂಕಿನಲ್ಲಿ ಕೆಲವು ತೂತುಗಳನ್ನು ಮುಚ್ಚಿಕೊಂಡಿರುವುದೇ ತುಕ್ಕು. ಅದು ಹೋದರೆ ತೂತು ಬಾಯಿ ಬಿಡುತ್ತದೆ. ನಮ್ಮ ಚೇತಕ್ ಟ್ಯಾಂಕಿನ ತಳದಲ್ಲಿ ಸೂಜಿ ಮೊನೆಯಷ್ಟರವು ಎರಡು ಕಂಡವು. ಎಂ-ಸೀಲ್ ಹಚ್ಚಿದರೆ ಸದ್ಯಕ್ಕೆ ನಿಲ್ಲಬಹುದು, ಪೆಟ್ರೋಲ್ ಟ್ಯಾಂಕಿಗೆ ನಾನು ಅದನ್ನು ನಂಬುವುದಿಲ್ಲ. ಟ್ಯಾಂಕ್ ಬೆಸುಗೆಯನ್ನೇ ಮಾಡುವವರ ಹತ್ತಿರ ಕೊಂಡೊಯ್ದು ಹಿತ್ತಾಳೆ ಬೆಸುಗೆ ಹಾಕಿಸಿದೆ. ನೀವೂ ಹೋಗುವುದಾದರೆ, ಎಷ್ಟೇ ತೊಳೆದಿದ್ದರೂ ಇದು ಪೆಟ್ರೋಲ್ ಟ್ಯಾಂಕು ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಬೆಸುಗೆ ಹಾಕುವ ಜಾಗವೊಂದು ಬಿಟ್ಟು ಉಳಿದದ್ದಕ್ಕೆಲ್ಲ ಅವರು ನೀರು ತುಂಬಿಸಿಕೊಂಡೇ ಬೆಂಕಿ ಹಚ್ಚುತ್ತಾರೆ.