ಅಂಕಿತವಿಲ್ಲದ ದಾಸರ ಪದ

ನಾನು ಎಲ್ಲಕ್ಕಿಂತ ಹೆಚ್ಚು ದ್ವೇಷಿಸುವ ಸಿ.ಡಿ.ಯಲ್ಲಿ ತಬಲಾ ನುಡಿಸಿದವನು ನಾನೇ. ಹೊದಿಕೆಯ ಮೇಲೆ ನನ್ನ ಹೆಸರಿಲ್ಲ. ಆದರೆ ಕೇಳಿದ ಮರುಕ್ಷಣವೇ ಕೈ ನನ್ನದೆಂದು ಗೊತ್ತಾಯಿತು.

ಹದಿನೈದು ವರ್ಷಗಳ ಹಿಂದಿನ ಮಾತು. ದಾಸರ ಪದಗಳ ಎಂಟು ಹಾಡು, ಬಂದು ನುಡಿಸಿಕೊಡಿ ಎಂದು ಕರೆ ಬಂದಿತ್ತು. ರಾಯಚೂರಿನಿಂದ ರಾತ್ರಿ ಬಸ್ ಹತ್ತಿದೆ. ಆ ಎಂಟೂ ಪದಗಳು ನನಗೆ ಬಾಯಿಪಾಠ. ಯಾವ ನುಡಿಯಲ್ಲಿ ಕೈ ಹಗುರಾಗಬೇಕು, ಎಲ್ಲಿ ದುಡಿಗೈಯ ಲಗ್ಗಿ ಹಿಡಿಯಬಹುದು ಎಂದು ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳಾಡಿಸುತ್ತ ಹೋದೆ. ಬೆಳಗ್ಗೆ ಸ್ಟುಡಿಯೋಗೆ ಹೋಗಿ ನೋಡಿದರೆ ಹಾಡುವವರೇ ಇಲ್ಲ, ಹಾರ್ಮೋನಿಯಂ ಕೂಡ ಇಲ್ಲ. ಗಾಜಿನ ಆಚೆ ಕುಳಿತಿದ್ದ ಹುಡುಗ, ‘ಕೆಹರವಾ ಎರಡು ಆವರ್ತನ ಬಾರಿಸಿ ಸರ್’ ಎಂದ. ಕೆಹರವಾ ಎಂದರೆ ಎಂಟು ಮಾತ್ರೆಯ ತಾಳ, ಅದರ ಒಂದು ಸುತ್ತು ಒಂದು ಆವರ್ತನ. ಬಾರಿಸಿದೆ. ‘ಇನ್ನೊಂದು ಸಲ’ ಎಂದ. ಮತ್ತೆ ಬಾರಿಸಿದೆ. ಇಪ್ಪತ್ತು ನಿಮಿಷಕ್ಕೆ ‘ಆಯಿತು’ ಎಂದು 800 ರೂಪಾಯಿ ಕೊಟ್ಟು ಕಳುಹಿಸಿದರು. ಪದಗಳನ್ನು ಯಾವಾಗ ಹಾಡುತ್ತಾರೆ ಎಂದು ಕೇಳಿದೆ. ಅದೆಲ್ಲ ಆಮೇಲೆ ಎಂದರು.

ಮರುವರ್ಷ ಒಂದು ಜಾತ್ರೆಯಲ್ಲಿ ಆ ಸಿ.ಡಿ. ಕಣ್ಣಿಗೆ ಬಿತ್ತು. ಕೊಂಡು ತಂದು ಮನೆಯಲ್ಲಿ ಹಾಕಿದೆ. ನಾನು ಬಾರಿಸಿದ ಎರಡು ಆವರ್ತನಗಳಲ್ಲಿ, ಎರಡನೆಯದರ ಏಳನೇ ಮಾತ್ರೆಯ ‘ಧಿ’ಯ ಮೇಲೆ ಎಡಗೈ ಮಣಿಕಟ್ಟು ಕೂದಲೆಳೆಯಷ್ಟು ಹೆಚ್ಚು ಜಾರಿ, ಎಡಗೈಯ ವಾದ್ಯವಾದ ಡಗ್ಗಾದ ನಾದ ಒಮ್ಮೆ ಅನಗತ್ಯವಾಗಿ ಮೇಲಕ್ಕೆದ್ದಿತ್ತು. ಭಜನೆಯಲ್ಲಿ ಕುಳಿತು ನುಡಿಸುವಾಗ ಇಂಥದ್ದು ಆಗುತ್ತದೆ, ಮುಂದಿನ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಬರುವಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ. ಇಲ್ಲಿ ಆ ಹದಿನಾರು ಮಾತ್ರೆಗಳನ್ನೇ ಕತ್ತರಿಸಿ, ಒಂದರ ಹಿಂದೊಂದು ಅಂಟಿಸಿ ಹಾಡು ಮುಗಿಯುವವರೆಗೆ ಓಡಿಸಿದ್ದರು. ಆರು ಸೆಕೆಂಡಿಗೊಮ್ಮೆ ಅದೇ ‘ಧಿ’, ಅದೇ ಜಾರುವಿಕೆ. ಐದು ನಿಮಿಷದ ಹಾಡಿನಲ್ಲಿ ಐವತ್ತು ಸಲ. ಹಾಡು ಬದಲಾದರೂ ಅದೇ, ಪದ ಅಳುವಾಗಲೂ ಅದೇ, ಕುಣಿಯುವಾಗಲೂ ಅದೇ. ಹಾಡುವವರು ಎಲ್ಲಿ ಉಸಿರು ತೆಗೆದುಕೊಂಡರು, ಯಾವ ಅಕ್ಷರದ ಮೇಲೆ ನಿಂತರು ಎಂಬುದು ಆ ತಬಲಾಕ್ಕೆ ತಿಳಿಯುವ ಬಗೆಯೇ ಇರಲಿಲ್ಲ. ಸಾಲಿಗೂ ಸಾಲಿಗೂ ನಡುವೆ ಒಂದಿಷ್ಟು ಬಿಡುವು ಸಿಕ್ಕಿತೋ ಅಲ್ಲಿ ಕೀಬೋರ್ಡಿನ ಕೊಳಲು ಬಂದು ತುಂಬಿಕೊಳ್ಳುತ್ತಿತ್ತು. ಹಾಡುವವರ ಬಾಯಲ್ಲಿ ‘ಹೃದಯ’ದ ಹಕಾರ ಹೋಗಿ ‘ರುದಯ’ವಾಗಿತ್ತು.

ಇದನ್ನೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ಕೊನೆಯಲ್ಲಿತ್ತು. ಎಂಟರಲ್ಲಿ ಐದು ಪದಗಳಿಗೆ, ಕೊನೆಯ ನುಡಿಯಲ್ಲಿ ಬರುವ ದಾಸರ ಮುದ್ರೆಯಾದ ಅಂಕಿತವೇ ಇಲ್ಲ. ಮೂರನೇ ನುಡಿ ಆರಂಭವಾಗುವ ಹೊತ್ತಿಗೆ ಧ್ವನಿ ಮೆಲ್ಲಗೆ ಇಳಿಯುತ್ತ ಇಳಿಯುತ್ತ ಇಲ್ಲವಾಗುತ್ತದೆ. ಹಾಡು ಉದ್ದವಾಯಿತೆಂದು ಬಾಲ ಕತ್ತರಿಸಿದ್ದಾರೆ.

ರಾಯಚೂರು ಸೀಮೆಯವರಿಗೆ ಇದು ಎಷ್ಟು ನೋಯುತ್ತದೆ ಎಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ವಿಜಯದಾಸರು (1682–1755) ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಪುರಂದರದಾಸರೇ ಕನಸಿನಲ್ಲಿ ಬಂದು ‘ವಿಜಯವಿಠಲ’ ಎಂಬ ಅಂಕಿತ ಕೊಟ್ಟರು ಎಂಬುದು ನಂಬಿಕೆ. ಅವರಿಂದ ಗೋಪಾಲದಾಸರಿಗೆ ‘ಗೋಪಾಲವಿಠಲ’ ಬಂತು. ಮುಂದೆ ಬ್ಯಾಗವಾಟದ ಜಗನ್ನಾಥದಾಸರು ‘ಜಗನ್ನಾಥವಿಠಲ’ರಾದರು. ಅಂಕಿತವೆಂದರೆ ಪದ ಬರೆದವನ ಹೆಸರು ಮಾತ್ರವಲ್ಲ, ಗುರು ಕೊಟ್ಟದ್ದು. ಪದದ ಕೊನೆಯಲ್ಲಿ ದಾಸ ಅದನ್ನು ತಂದು ದೇವರ ಮುಂದೆ ಇಡುತ್ತಾನೆ. ನಾನು ಹುಡುಗನಾಗಿದ್ದಾಗ ಮೊದಲು ತಬಲಾ ನುಡಿಸಿದ ಭಜನಾ ಮಂಡಳಿಯನ್ನು ನಡೆಸುತ್ತಿದ್ದವರನ್ನು ಓಣಿಯವರೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಒಮ್ಮೆ ಯಾರೋ ಮಂಗಳಾರತಿಗೆ ತಡವಾಯಿತೆಂದು ಕೊನೆಯ ನುಡಿ ಬಿಟ್ಟು ಎದ್ದಾಗ ದೊಡ್ಡಮ್ಮ ತಾಳ ಕೆಳಗಿಟ್ಟು, ‘ಅಂಕಿತ ಹಾಡದೆ ಏಳುವುದು ಎಲೆಯ ಮುಂದೆ ಕುಳಿತವರನ್ನು ಎಬ್ಬಿಸಿದ ಹಾಗೆ. ಕುಳಿತುಕೊಳ್ಳಿ’ ಎಂದರು. ಎದ್ದವರೆಲ್ಲ ಕುಳಿತರು. ಹಸಿವಾಗಿದ್ದ ನಾನೂ ಪೂರ್ತಿ ನುಡಿಸಿದೆ.

ಇನ್ನು ನಾನು ಎದೆಗೆ ಹಚ್ಚಿಕೊಂಡದ್ದರ ಮಾತು. ಭೀಮಸೇನ ಜೋಶಿಯವರ ದಾಸವಾಣಿ ನನ್ನ ಕೈಗೆ ಬಂದದ್ದು ಅಂಗಡಿಯ ಕ್ಯಾಸೆಟ್ ಆಗಿ ಅಲ್ಲ. ಗೆಳೆಯನೊಬ್ಬ 60 ನಿಮಿಷದ ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಟ್ಟಿದ್ದ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಅಪ್ಪನಿಗೆ ತಬಲಾ, ಢೋಲಕ್‌ಗಳಿಗೆ ಚರ್ಮ ಹೊದಿಸುವ ಸಣ್ಣ ಅಂಗಡಿ ಇತ್ತು. ಅಲ್ಲಿನ ಟೇಪ್ ರೆಕಾರ್ಡರಿನಲ್ಲಿ ಮಧ್ಯಾಹ್ನವೆಲ್ಲ ಅದೇ ಓಡುತ್ತಿತ್ತು. ಅದಕ್ಕೆ ಶ್ರುತಿ ಕೂಡಿಸಿಯೇ ನಾನು ಶ್ರುತಿ ಮಾಡುವುದನ್ನು ಕಲಿತದ್ದು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಅಪ್ಪ ಸೆಲ್ ಹಾಕುತ್ತಿದ್ದರು. ಸೆಲ್ ಹಳೆಯದಾಗಿದ್ದರೆ ಟೇಪ್ ನಿಧಾನವಾಗಿ ಭೀಮಸೇನರ ಷಡ್ಜವೂ ಇಳಿಯುತ್ತಿತ್ತು. ನಾನು ಸುತ್ತಿಗೆ ಹಿಡಿದು, ತಬಲಾದ ಬಾರುಗಳ ಕೆಳಗಿನ ಮರದ ತುಂಡುಗಳಾದ ಗಟ್ಟಾಗಳನ್ನು ಮೇಲಕ್ಕೆ ತಟ್ಟಿ ತಬಲಾವನ್ನೂ ಇಳಿಸುತ್ತಿದ್ದೆ. ಕರೆಂಟ್ ಬಂದ ಕೂಡಲೇ ಧ್ವನಿ ಥಟ್ಟನೆ ತನ್ನ ಜಾಗಕ್ಕೆ ಏರುತ್ತಿತ್ತು. ಮತ್ತೆ ಗಟ್ಟಾಗಳನ್ನು ಕೆಳಕ್ಕೆ ಹೊಡೆದು ಏರಿಸಬೇಕು. ಅಪ್ಪ ಒಂದು ದಿನವೂ ‘ಸೆಲ್ ಬದಲಿಸುತ್ತೇನೆ ತಡಿ’ ಎನ್ನಲಿಲ್ಲ. ಕಿವಿ ಬೆಳೆಯಲಿ ಎಂದೇ ಸುಮ್ಮನಿದ್ದರು ಎಂದು ಈಗ ಅನಿಸುತ್ತದೆ.

ಈ ದಾಸವಾಣಿಯ ದೊಡ್ಡತನ ಯಾವುದರಲ್ಲಿದೆ? ಗದಗ ಸೀಮೆಯ ರೋಣದಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ದೇಶದ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಖಯಾಲ್ ಹಾಡಿದ ಗಂಟಲು ಅದು. ಮನಸ್ಸು ಮಾಡಿದ್ದರೆ ಪದವನ್ನು ವೇಗದ ಸ್ವರಗಳ ತಾನುಗಳಲ್ಲಿ ಮುಳುಗಿಸಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ವಿಜಯದಾಸರ ‘ಸದಾ ಎನ್ನ ಹೃದಯದಲ್ಲಿ’ ಕೇಳಿ. ‘ಹೃದಯ’ದ ಹಕಾರ ಎದೆಯಿಂದಲೇ ಎದ್ದು ಬರುತ್ತದೆ. ಹಾಡುತ್ತಿರುವುದು ದೊಡ್ಡ ಗಾಯಕ ಎಂಬುದು ಒಂದೆರಡು ಸಾಲಿನಲ್ಲಿ ಮರೆತು, ಯಾರೋ ಬೇಡಿಕೊಳ್ಳುತ್ತಿದ್ದಾರೆ ಎಂಬುದಷ್ಟೇ ಉಳಿಯುತ್ತದೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ದಲ್ಲಿ ‘ಬಾರಮ್ಮ’ ಎಂಬ ಒಂದು ಮಾತನ್ನು ಅವರು ಕರೆಯುವ ಬಗೆಗಳನ್ನು ಎಣಿಸಲು ಹೋಗಿ ನಾನು ಪ್ರತಿ ಸಲವೂ ಲೆಕ್ಕ ತಪ್ಪಿದ್ದೇನೆ. ಮಗಳನ್ನು ಕರೆದಂತೆ ಒಮ್ಮೆ, ಮುನಿಸಿಕೊಂಡವಳನ್ನು ಕರೆದಂತೆ ಒಮ್ಮೆ. ಕೆಳಗೆ ತಬಲಾ ತಾಳದ ಮೂಲ ನಡೆಯಾದ ಠೇಕಾವನ್ನಷ್ಟೇ ಹಿಡಿದು ನಡೆಯುತ್ತದೆ. ಸಾಥ್ ಮಾಡುವವನಿಗೆ ಅತ್ಯಂತ ಕಷ್ಟದ ಕೆಲಸ ಅದು, ಕೈಯಲ್ಲಿ ವಿದ್ಯೆ ಇಟ್ಟುಕೊಂಡು ತೋರಿಸದೆ ಇರುವುದು. ನನ್ನ ಶಿಷ್ಯರಿಗೆ ಮೊದಲ ವರ್ಷ ಕೈಚಳಕದ ಪಾಠಗಳಾದ ಕಾಯ್ದೆ, ರೇಲಾಗಳಿಗಿಂತ ಮೊದಲು ಇದನ್ನೇ ಕೇಳಿಸುತ್ತೇನೆ.

ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಳ ಧ್ವನಿಮುದ್ರಣವನ್ನು ನಾನು ಪ್ರೀತಿಸುವುದು ಬೇರೆಯೇ ಕಾರಣಕ್ಕೆ. ದಾಸರ ಪದದಲ್ಲಿ ತಾಳ ಒಳಗೇ ಕುಳಿತಿರುತ್ತದೆ. ವಚನ ಹಾಗಲ್ಲ, ಅದು ಮಾತು. ಮಾತಿನ ನಡಿಗೆಯನ್ನು ಮುರಿಯದೆ ಆವರ್ತನದೊಳಗೆ ಕೂಡಿಸುವುದೆಂದರೆ ಹರಿಯುವ ನೀರನ್ನು ಬೊಗಸೆಯಲ್ಲಿ ಹಿಡಿದಂತೆ. ಅಕ್ಕಮಹಾದೇವಿಯ ‘ಅಕ್ಕ ಕೇಳವ್ವ’ ಒಂದು ಕನಸಿನ ಮಾತು, ಹೆಣ್ಣೊಬ್ಬಳು ಅಕ್ಕನ ಮುಂದೆ ತಾನು ಕಂಡದ್ದನ್ನು ಹೇಳುತ್ತಿದ್ದಾಳೆ. ಮನ್ಸೂರರು ಅದನ್ನು ಹೇಳಿಯೇ ಹಾಡುತ್ತಾರೆ. ಮುದಿ ಗಂಡಸಿನ ಆ ಒಡಕು ಕಂಠದಲ್ಲಿ ಎಳೆಯ ಹೆಣ್ಣಿನ ಬೆರಗು ಕೇಳಿಸುವುದು ಹೇಗೆ ಎಂದು ನನಗೆ ಇಂದಿಗೂ ಬಗೆಹರಿದಿಲ್ಲ. ಇದನ್ನು ಕೆಲಸ ಮಾಡುತ್ತ ಕೇಳಬಾರದು. ರಾತ್ರಿ ಊಟವಾದ ಮೇಲೆ ದೀಪ ಸಣ್ಣದು ಮಾಡಿ ಕೇಳಬೇಕು.

ವಚನ ಗಾಯನದ ಮಾತು ಬಂದಾಗ ನಮ್ಮವರೇ ಆದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಆ ವೇದಿಕೆಯ ಮೇಲೆ ನಾನೂ ಕುಳಿತು ನುಡಿಸಿದ್ದೇನೆ. ಪ್ರತಿ ಸಲವೂ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಏರುತ್ತೇನೆ. ಆದರೆ ಅವರ ದನಿಯ ಒಂದು ಒಳ್ಳೆಯ ಧ್ವನಿಸುರುಳಿಗಾಗಿ ನಾನು ಅಲೆದ ಅಂಗಡಿಗಳಿಗೆ ಲೆಕ್ಕವಿಲ್ಲ. ಬರಿಗೈಯಲ್ಲೇ ಮರಳಿದ್ದೇನೆ. ಕಟ್ಟಡಕ್ಕೆ ಹೆಸರಿಟ್ಟ ಊರಿನಲ್ಲಿ ಕಂಠವೂ ಸಿಗುವಂತಾಗಬೇಕು.

1978ರ ‘ನಿತ್ಯೋತ್ಸವ’ದ ಬಗ್ಗೆ ಮಂಡಳಿಯ ಗೆಳೆಯರಿಗೂ ನನಗೂ ಜಗಳವಿದೆ. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಅದು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ರಾಗ. ‘ಜೋಗ, ಮಲೆನಾಡು, ಹಸಿರು ಎಂದರೆ ನಮಗೇನು? ನಮ್ಮದು ಸುಡುವ ಬಯಲು’ ಎನ್ನುತ್ತಾರೆ ಗೆಳೆಯರು. ನಾನು ಒಪ್ಪುವುದಿಲ್ಲ. ಆ ಹಾಡಿನ ತುಂಗೆ ಭದ್ರೆಯನ್ನು ಕೂಡಿಕೊಂಡು, ಮುನಿರಾಬಾದಿನ ಅಣೆಕಟ್ಟೆಯಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಗಂಗಾವತಿ, ಸಿಂಧನೂರು ದಾಟಿ ನಮ್ಮ ಕಡೆಗೇ ಬರುತ್ತಾಳೆ. ಕಾಲುವೆಯ ಕೊನೆಭಾಗದ ರೈತನಷ್ಟು ಆಸೆಯಿಂದ ಅವಳ ದಾರಿ ಕಾಯುವವರು ಮಲೆನಾಡಿನಲ್ಲಿ ಇದ್ದಾರೆಯೇ? ಅನಂತಸ್ವಾಮಿಯವರು ರಾಗವನ್ನು ಕವಿತೆಯ ಹಿಂದೆ ನಡೆಸುತ್ತಾರೆ, ಮುಂದಕ್ಕೆ ನೂಕುವುದಿಲ್ಲ. ಒಮ್ಮೆ ಕೇಳಿದವನಿಗೆ ಪಲ್ಲವಿ ಬಾಯಿಗೆ ಬಂದುಬಿಡುತ್ತದೆ.

ಅಶ್ವತ್ಥರು ಹಾಡಿದ ಶಿಶುನಾಳ ಷರೀಫರ ಪದಗಳ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಹಳ್ಳಿಯ ಭಜನಾ ಮೇಳದಲ್ಲಿ ಏಕತಾರಿ, ದಮ್ಮಡಿಯ ಜೊತೆ ಕೇಳಿದ್ದ ಪದಗಳಿಗೆ ಅಷ್ಟೆಲ್ಲ ಪಿಟೀಲುಗಳು ಬೇಕಿರಲಿಲ್ಲ ಎನಿಸುತ್ತದೆ. ಆದರೆ ಆ ಏರುದನಿ ಎದ್ದಾಗ ವಾದ್ಯಗಳ ನೆನಪೇ ಉಳಿಯುವುದಿಲ್ಲ. ಕ್ಯಾಸೆಟ್ ಮನೆಯಲ್ಲಿದೆ, ಇರುತ್ತದೆ.

ಯಂತ್ರದ ಸದ್ದೆಂದರೆ ಇವನಿಗೆ ಆಗುವುದಿಲ್ಲ ಎಂದು ಯಾರೂ ತಿಳಿಯಬಾರದು. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಬಂದಾಗ ಅಪ್ಪನ ಅಂಗಡಿಯ ಎದುರಿನ ಚಹಾ ಹೋಟೆಲಿನಲ್ಲಿ ದಿನಕ್ಕೆ ಹತ್ತು ಸಲ ಅದೇ ಕ್ಯಾಸೆಟ್. ಎಲೆಕ್ಟ್ರಾನಿಕ್ ವಾದ್ಯಗಳು ಆ ಹಾಡುಗಳ ಒಳಗಿನಿಂದಲೇ ಹುಟ್ಟಿದ್ದವು. ಹಾಡು ಬರೆದವನೇ ಆ ಸದ್ದನ್ನೂ ಬಯಸಿದ್ದ. ಈಗಲೂ ಬಸ್ಸಿನಲ್ಲಿ ಕೇಳಿಬಂದರೆ ಬೆರಳು ತಾನಾಗಿಯೇ ಮುಂದಿನ ಸೀಟಿನ ಕಂಬಿಯ ಮೇಲೆ ಆಡುತ್ತದೆ. ತಾನು ಯಾರ ಪದಕ್ಕೆ ಬಡಿಯುತ್ತಿದ್ದೇನೆ ಎಂಬ ಪರಿವೆಯಿಲ್ಲದ ಬಡಿತವೇ ನನಗೆ ಸಹಿಸಲಾಗದ್ದು.

ಆ ಸಿ.ಡಿ.ಯನ್ನು ಎಸೆದಿಲ್ಲ. ಹೊಸ ಶಿಷ್ಯರಿಗೆ ಅದರ ಮೊದಲ ಹಾಡನ್ನು ಒಮ್ಮೆ ಕೇಳಿಸಿ, ‘ಧಿ’ ಎಲ್ಲೆಲ್ಲಿ ಜಾರುತ್ತದೆ ಎಂದು ಬೆರಳು ಎತ್ತಿ ತೋರಿಸಲು ಹೇಳುತ್ತೇನೆ. ನಾಲ್ಕನೇ ಸಲಕ್ಕೆ ಎಲ್ಲರ ಬೆರಳೂ ಒಟ್ಟಿಗೆ ಏಳುತ್ತವೆ.

ಕಳೆದ ಕಾರ್ತಿಕ ಶುದ್ಧ ದಶಮಿಗೆ, ವಿಜಯದಾಸರ ಆರಾಧನೆಗೆಂದು ಮಂಡಳಿಯವರೊಂದಿಗೆ ಚೀಕಲಪರವಿಗೆ ಹೋಗಿದ್ದೆ. ದೊಡ್ಡಮ್ಮ ಈಗಿಲ್ಲ. ಅವರ ಕೈಬರಹದ ಪದಗಳ ವಹಿ ಅವರ ಸೊಸೆಯ ತೊಡೆಯ ಮೇಲಿತ್ತು. ‘ಸದಾ ಎನ್ನ ಹೃದಯದಲ್ಲಿ’ ಎತ್ತಿಕೊಂಡರು. ನನ್ನ ಶಿಷ್ಯೆಯೊಬ್ಬಳು ಮೊಬೈಲನ್ನು ಹಾರ್ಮೋನಿಯಂ ಪಕ್ಕ ಇಟ್ಟು ಅದನ್ನು ಧ್ವನಿಮುದ್ರಿಸಿಕೊಂಡಿದ್ದಾಳೆ. ಒಂಬತ್ತು ನಿಮಿಷಕ್ಕಿಂತ ಹೆಚ್ಚಿದೆ. ನಡುವೆ ಒಂದು ಟ್ರ್ಯಾಕ್ಟರ್ ಹೋಗುತ್ತದೆ, ಮಗುವೊಂದು ನೀರು ಕೇಳುತ್ತದೆ, ಎರಡನೇ ನುಡಿಯಲ್ಲಿ ಇಬ್ಬರು ಹೆಂಗಸರ ಶ್ರುತಿ ಸ್ವಲ್ಪ ಇಳಿದಿದೆ. ‘ವಿಜಯವಿಠಲ’ ಎಂಬಲ್ಲಿಗೆ ಬಂದಾಗ ಯಾರೂ ಹೇಳದೆಯೇ ಎಲ್ಲರೂ ನಿಧಾನವಾದರು. ನಾನು ಎರಡೂ ಕೈ ತಬಲಾದ ಮೇಲಿನಿಂದ ಎತ್ತಿದೆ. ತಾಳದ ಸದ್ದೊಂದೇ ಉಳಿಯಿತು, ಅದೂ ಮೆಲ್ಲಗೆ. ಅವರು ಅಂಕಿತವನ್ನು ಮೂರು ಸಲ ಹಾಡಿ ಪಲ್ಲವಿಗೆ ಮರಳಿದಾಗ ನಾನು ಮತ್ತೆ ಸಮ್‌ಗೆ ಸೇರಿಕೊಂಡೆ.

ಮೊಬೈಲಿನಲ್ಲಿ ಜಾಗ ಸಾಲುತ್ತಿಲ್ಲ, ಏನು ಅಳಿಸಲಿ ಎಂದು ಮೊನ್ನೆ ಆ ಹುಡುಗಿ ಕೇಳಿದಳು. ಅದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಅಳಿಸಮ್ಮ ಎಂದಿದ್ದೇನೆ.