ಕನ್ವರ್ಟ್ ಅಂತ ಹೇಳಿ ಫಾರ್ಮ್ಯಾಟ್ ಮಾಡಿದರು: ಹಾರ್ಡ್‌ಡಿಸ್ಕ್ ಅಂಗಡಿಗೆ ಕೊಡುವ ಮುಂಚೆ ಇದನ್ನು ಓದಿ

ಮೊದಲು ವಿಷಯ ಹೇಳಿಬಿಡುತ್ತೇನೆ. ಹಾರ್ಡ್‌ಡಿಸ್ಕನ್ನು ಫ್ಯಾಟ್32ನಿಂದ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಬೇಕು ಅಂತಿದ್ದರೆ ಅಂಗಡಿಗೆ ಕೊಡಬೇಡಿ. (ಇವೆರಡೂ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಗಳು, ಫೈಲ್ ಸಿಸ್ಟಮ್ ಅನ್ನುತ್ತಾರೆ.) ಒಳಗಿರುವುದಕ್ಕೆ ಇನ್ನೊಂದು ಕಾಪಿ ಇಲ್ಲದಿದ್ದರೆ ಕೊಡಲೇಬೇಡಿ. ನಾನು ಕೊಟ್ಟೆ. ಅಪ್ಪ ಹತ್ತು ವರ್ಷ ನಿದ್ದೆಗೆಟ್ಟು ತೆಗೆದ ಯಕ್ಷಗಾನದ ವಿಡಿಯೋಗಳಲ್ಲಿ ಅರ್ಧ ಹೋದವು. ಅರ್ಧ ಉಳಿದಿದ್ದೂ ಅಂಗಡಿಯವನಿಂದ ಅಲ್ಲ.

ನಮ್ಮದು ಸಿದ್ದಾಪುರ ಕಡೆ. ಅಪ್ಪನಿಗೆ ಆಟ, ಅಂದರೆ ಯಕ್ಷಗಾನ, ಜೀವ. 2009ರಲ್ಲಿ ಒಂದು ವಿಡಿಯೋ ಕ್ಯಾಮೆರಾ ತೆಗೆದುಕೊಂಡರು. ಆಮೇಲೆ ಪ್ರತಿ ವರ್ಷ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಮೂರೋ ನಾಲ್ಕೋ ಆಟ ರೆಕಾರ್ಡ್ ಮಾಡುತ್ತಿದ್ದರು. ಗದ್ದೆ ಬಯಲಿನಲ್ಲಿ ಟ್ರೈಪಾಡ್ ಇಟ್ಟುಕೊಂಡು, ಕಂಬಳಿ ಹೊದ್ದುಕೊಂಡು, ಬೆಳಗಾಗುವ ತನಕ. ಈಗ ನಮ್ಮ ಜೊತೆ ಇಲ್ಲದ ಭಾಗವತರ ಪದ್ಯ ಅದರಲ್ಲಿತ್ತು. ಕಾಲು ನೋವಿಂದ ವೇಷ ಕಟ್ಟುವುದನ್ನೇ ಬಿಟ್ಟ ಕಲಾವಿದರ ಕುಣಿತ ಇತ್ತು. ಎಲ್ಲವನ್ನೂ 1 ಟಿಬಿ ಹಾರ್ಡ್‌ಡಿಸ್ಕಿಗೆ ಹಾಕುವುದು, ಮೆಮೊರಿ ಕಾರ್ಡ್ ಖಾಲಿ ಮಾಡುವುದು, ಮುಂದಿನ ಆಟಕ್ಕೆ ಹೋಗುವುದು. ಹೀಗಾಗಿ ಇದ್ದದ್ದು ಆ ಒಂದೇ ಕಾಪಿ. ಇದು ನಮ್ಮ ತಪ್ಪು, ಒಪ್ಪುತ್ತೇನೆ.

ತೊಂದರೆ ಶುರುವಾದದ್ದು ಸಣ್ಣದರಿಂದ. ಅಪ್ಪನ ಕ್ಯಾಮೆರಾ 4 ಜಿಬಿ ತುಂಬಿದ ಕೂಡಲೇ ಒಂದು ಫೈಲ್ ಮುಗಿಸಿ ಇನ್ನೊಂದು ಶುರು ಮಾಡುತ್ತದೆ. ಟಿವಿಯಲ್ಲಿ ಹಾಕಿದರೆ ಪದ್ಯದ ಮಧ್ಯವೇ ಕಡಿದುಹೋಗುತ್ತದೆ. ಚಂಡೆ ಏರುತ್ತಿರುತ್ತದೆ, ಅಷ್ಟರಲ್ಲಿ ಪರದೆ ಕಪ್ಪು. ಅಪ್ಪನಿಗೆ ಅದು ಕಿರಿಕಿರಿ. ಸರಿ, ನಾನೇ ಲ್ಯಾಪ್‌ಟಾಪಿನಲ್ಲಿ ಒಂದು ಪ್ರಸಂಗದ ತುಂಡುಗಳನ್ನು ಜೋಡಿಸಿದೆ. 11 ಜಿಬಿಯ ಒಂದೇ ಫೈಲ್ ಆಯಿತು. ಡಿಸ್ಕಿಗೆ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅಂತ ಬಂತು. ಡಿಸ್ಕಿನಲ್ಲಿ 300 ಜಿಬಿ ಖಾಲಿ ಇದೆ! ಆದರೂ ಹೋಗಲಿಲ್ಲ.

ಕಾರಣ ಫ್ಯಾಟ್32. ಅದು 1996ರಲ್ಲಿ, ವಿಂಡೋಸ್ 95ರ ಕಾಲದಲ್ಲಿ ಬಂದದ್ದು. ಫೈಲಿನ ಅಳತೆ ಬರೆದಿಡಲು ಅದರಲ್ಲಿ 32 ಬಿಟ್ ಜಾಗ ಮಾತ್ರ. ಹಾಗಾಗಿ 4 ಜಿಬಿ ಮುಟ್ಟುವ ಒಂದು ಫೈಲೂ ಅದರಲ್ಲಿ ಕೂರುವುದಿಲ್ಲ, ಎಷ್ಟೇ ಜಾಗ ಖಾಲಿ ಇರಲಿ. ಎನ್‌ಟಿಎಫ್‌ಎಸ್‌ನಲ್ಲಿ ಈ ತೊಂದರೆ ಇಲ್ಲ. ಇಷ್ಟು ನನಗೆ ಗೊತ್ತಿತ್ತು. ಬದಲಾಯಿಸುವುದು ಹೇಗೆ ಅಂತ ಗೊತ್ತಿರಲಿಲ್ಲ. ಸುಮ್ನೆ ನಾನೇ ಕೈ ಹಾಕಿ ಹಾಳು ಮಾಡುವುದು ಬೇಡ, ಗೊತ್ತಿದ್ದವರ ಹತ್ತಿರ ಮಾಡಿಸೋಣ ಅಂದುಕೊಂಡೆ. ಗೊತ್ತಿದ್ದವರು!

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಹೆಸರು ಬರೆಯುವುದಿಲ್ಲ. ಕೂತಿದ್ದವನು ನನಗಿಂತ ಚಿಕ್ಕವನು. ಡಿಸ್ಕ್ ಹಾಕಿ ನೋಡಿ, "ಇದು ಫ್ಯಾಟ್ ಅಲ್ವಾ ಮೇಡಂ, ಎನ್‌ಟಿಎಫ್‌ಎಸ್‌ಗೆ ಕನ್ವರ್ಟ್ ಮಾಡ್ಬೇಕು ಅಷ್ಟೇ" ಅಂದ.

ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಖಾಲಿ ಮಾಡುವುದು ಅಂತ ಗೊತ್ತಿತ್ತು. ನಾನು ಬಾಯಿಬಿಟ್ಟು ಕೇಳಿದೆ. "ಫಾರ್ಮ್ಯಾಟ್ ಮಾಡೋದಿಲ್ಲ ತಾನೇ?"

"ಇಲ್ಲ ಮೇಡಂ, ಕನ್ವರ್ಟು. ಡಾಟಾ ಹಾಗೇ ಇರುತ್ತೆ."

"ಇದಕ್ಕೆ ಬೇರೆ ಕಾಪಿ ಇಲ್ಲ ಮಾರಾಯಾ."

"ಏನೂ ಆಗಲ್ಲ. ದಿನಾ ಮಾಡ್ತೀವಿ. ಟೆನ್ಷನ್ ಮಾಡ್ಕೋಬೇಡಿ, ನಾಳೆ ಸಂಜೆ ಬನ್ನಿ. 700 ಆಗುತ್ತೆ."

ಇಷ್ಟು ಮಾತು ಆಗಿದೆ. ಒಂದು ಸಲ ಅಲ್ಲ, ಎರಡು ಸಲ ಕೇಳಿದ್ದೇನೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಆಮೇಲೆ ಅವನು ನೀವು ಹೇಳಲೇ ಇಲ್ಲ ಅಂದ.

ಮರುದಿನ ಸಂಜೆ ಹೋದೆ. ಈ ಭಾಗ ಬರೆಯಲು ನಾಚಿಕೆಯಾಗುತ್ತದೆ. ಅವನು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿ ಪ್ರಾಪರ್ಟೀಸ್ ತೆರೆದ. ಬೆರಳಿಟ್ಟು ತೋರಿಸಿದ. ಫೈಲ್ ಸಿಸ್ಟಮ್ ಎಂಬಲ್ಲಿ ಎನ್‌ಟಿಎಫ್‌ಎಸ್ ಅಂತಿತ್ತು. ಆಮೇಲೆ ಒಂದು ಸಿನಿಮಾ ಫೈಲ್ ತೆಗೆದು, "6 ಜಿಬಿ ಇದೆ ನೋಡಿ, ಈಗ ಹೋಗುತ್ತೆ" ಅಂತ ನನ್ನ ಎದುರೇ ಡಿಸ್ಕಿಗೆ ಕಾಪಿ ಮಾಡಿದ. ಹಸಿರು ಪಟ್ಟಿ ಓಡುವುದನ್ನು ನಾನು ಖುಷಿಯಿಂದ ನೋಡುತ್ತಾ ನಿಂತಿದ್ದೆ. ಮುಗಿದ ಮೇಲೆ ದುಡ್ಡು ಕೊಟ್ಟು ಥ್ಯಾಂಕ್ಸ್ ಹೇಳಿದೆ. ಹೌದು, ಥ್ಯಾಂಕ್ಸ್ ಹೇಳಿದೆ ಅವನಿಗೆ.

ಪ್ರಾಪರ್ಟೀಸ್ ಕಿಟಕಿಯಲ್ಲಿ ಫೈಲ್ ಸಿಸ್ಟಮ್ ಎಂಬ ಸಾಲಿನ ಕೆಳಗೇ ಎಷ್ಟು ಜಾಗ ತುಂಬಿದೆ, ಎಷ್ಟು ಖಾಲಿ ಅಂತ ಇರುತ್ತದೆ. ಕೆಳಗೇ! ಅವನ ಬೆರಳು ಇದ್ದದ್ದು ಅದರ ಮೇಲೆಯೇ ಇರಬೇಕು. ನಾನು ನೋಡಲಿಲ್ಲ. ಹನ್ನೊಂದು ವರ್ಷದಿಂದ ಸೊಸೈಟಿಯಲ್ಲಿ ಲೆಕ್ಕ ನೋಡುವವಳು ನಾನು. ಒಂದು ರಸೀದಿಯಲ್ಲಿ ಐವತ್ತು ಪೈಸೆ ಹೆಚ್ಚುಕಮ್ಮಿ ಆದರೂ ಕಣ್ಣಿಗೆ ಬೀಳುತ್ತದೆ. ಅವತ್ತು ಬೀಳಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದೆ. ಅಪ್ಪ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಡಿಸ್ಕಿಗೆ ಅಪ್ಪ ಯಕ್ಷ ಅಂತ ಹೆಸರಿಟ್ಟಿದ್ದರು. ಈಗ ಅಲ್ಲಿ ನ್ಯೂ ವಾಲ್ಯೂಮ್ ಅಂತಿತ್ತು. ತೆರೆದೆ. ಒಳಗೆ ಆ ಸಿನಿಮಾ. ಅದೊಂದೇ. 931 ಜಿಬಿಯಲ್ಲಿ 925 ಖಾಲಿ.

"ಬೇರೆ ಎಲ್ಲಿ?" ಅಂದರು ಅಪ್ಪ.

ನಾನು ಅಂಗಡಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಕೇಬಲ್ ಸರಿಯಾಗಿ ಹಾಕಿದೀರಾ ಮೇಡಂ?" ಎರಡನೇ ಸಲ: "ಹಿಡನ್ ಆಗಿರ್ಬೇಕು, ನಾಳೆ ತನ್ನಿ." ಮೂರನೇ ಸಲ ಫೋನ್ ಎತ್ತಲಿಲ್ಲ.

ಮರುದಿನ ಸೊಸೈಟಿಗೆ ರಜೆ ಹಾಕಿ ಹೋದೆ. ಒಂದು ಗಂಟೆಯೊಳಗೆ ಅವನ ಬಾಯಲ್ಲಿ ಬಂದ ಮಾತುಗಳನ್ನು ಹಾಗೇ ಬರೆಯುತ್ತೇನೆ. "ನಿಮ್ಮ ಡಿಸ್ಕಲ್ಲಿ ವೈರಸ್ ಇತ್ತು." "ಡಿಸ್ಕ್ ಹಳೇದು ಮೇಡಂ, ಬ್ಯಾಡ್ ಸೆಕ್ಟರ್ ಇತ್ತು." "ಬ್ಯಾಕಪ್ ನೀವೇ ಇಟ್ಕೋಬೇಕಿತ್ತು." "ಡಾಟಾ ಬೇಕು ಅಂತ ನೀವು ಹೇಳ್ಲೇ ಇಲ್ಲ." ಕೊನೆಗೆ ಒಂದು ಮಾತು ಹೇಳಿದ ನೋಡಿ: "ಕನ್ವರ್ಟ್ ಅಂದ್ರೆ ಫಾರ್ಮ್ಯಾಟೇ ಮೇಡಂ. ಎರಡೂ ಒಂದೇ."

ಎರಡೂ ಒಂದೇ ಅಂತೆ. ನಿನ್ನೆ ಮೊನ್ನೆ ಎರಡೂ ಬೇರೆ ಆಗಿತ್ತು.

ನಾನು ಜೋರು ಮಾಡಿದ ಮೇಲೆ ಬಿಲ್ ತೋರಿಸಿದ. ಕೆಳಗೆ ಸೀಲು ಹೊಡೆದಿದೆ, ಡಾಟಾ ಹೋದರೆ ಅಂಗಡಿ ಜವಾಬ್ದಾರಿಯಲ್ಲ ಅಂತ. ಆಮೇಲೆ ಧ್ವನಿ ಮೆತ್ತಗೆ ಮಾಡಿ, "ರಿಕವರಿಗೆ ಬೆಂಗಳೂರಿಗೆ ಕಳಿಸ್ಬೇಕು, 12 ಸಾವಿರ ಆಗುತ್ತೆ, ಗ್ಯಾರಂಟಿ ಕೊಡಕ್ಕಾಗಲ್ಲ" ಅಂದ. ಕಳೆದವನೇ ಹುಡುಕಿಕೊಡಲು ನನ್ನ ಹತ್ತಿರ ದುಡ್ಡು ಕೇಳುತ್ತಾನೆ. ಡಿಸ್ಕ್ ಕಿತ್ತುಕೊಂಡು ಬಂದೆ.

ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. ಅವನು ಮೊದಲು ಹೇಳಿದ್ದು ಇದು: "ಅಕ್ಕಾ, ಡಿಸ್ಕ್ ತೆಗೆದು ಪಕ್ಕಕ್ಕೆ ಇಡು. ಅದಕ್ಕೆ ಇನ್ನು ಏನೂ ಕಾಪಿ ಮಾಡ್ಬೇಡ." ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲುಗಳು ಕೂಡಲೇ ಅಳಿಸಿಹೋಗುವುದಿಲ್ಲ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಹೋಗುತ್ತದೆ. ಲೆಡ್ಜರಿನ ಸೂಚಿ ಪುಟ ಹರಿದ ಹಾಗೆ, ಒಳಗಿನ ಖಾತೆಗಳು ಇನ್ನೂ ಇರುತ್ತವೆ. ಆದರೆ ಕಂಪ್ಯೂಟರಿಗೆ ಈಗ ಅದು ಖಾಲಿ ಪುಸ್ತಕ, ಹೊಸದು ಏನು ಬಂದರೂ ಹಳೆಯದರ ಮೇಲೆಯೇ ಬರೆದುಬಿಡಬಹುದು. ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ ಅದೂ ಇಲ್ಲ, ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಇಡೀ ಡಿಸ್ಕಿಗೆ ಸೊನ್ನೆ ತುಂಬುತ್ತದೆ.

ಅಂದರೆ ನನ್ನ ಎದುರೇ ಕಾಪಿ ಆದ ಆ 6 ಜಿಬಿ ಸಿನಿಮಾ ಅಪ್ಪನ ಯಾವುದೋ ಆಟದ ಮೇಲೆ ಕೂತಿರಬಹುದು. ನಾನು ನೋಡುತ್ತಾ ನಿಂತಿದ್ದೆ.

ಹೊಸ 2 ಟಿಬಿ ಡಿಸ್ಕ್ ತರಿಸಿದೆ. ಚಿಕ್ಕಮ್ಮನ ಮಗ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಫೋಟೋರೆಕ್ ಎಂಬ ಪ್ರೋಗ್ರಾಂ ಓಡಿಸಿದೆ. ಅದು ಪುಕ್ಕಟೆ ಸಿಗುತ್ತದೆ. ಹೆಸರು ಫೋಟೋ ಅಂತಿದ್ದರೂ ವಿಡಿಯೋ ಕೂಡ ಹುಡುಕುತ್ತದೆ. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಹಾಕಬಾರದು, ಬೇರೆ ಡಿಸ್ಕಿಗೇ ಹಾಕಬೇಕು. ಎರಡು ದಿನ ಎರಡು ರಾತ್ರಿ ಓಡಿತು.

ಅದರಲ್ಲಿ ಏನು ಬಂತು ಗೊತ್ತಾ? ಯಾರದೋ ಮದುವೆಯ ಫೋಟೋಗಳು. ಸಾವಿರಗಟ್ಟಲೆ. ಯಾರದೋ ಮಗುವಿನ ನಾಮಕರಣ. ನಮಗೆ ಗೊತ್ತೇ ಇಲ್ಲದ ಜನ. ಖಾಲಿ ಮಾಡಿದ ನನ್ನ ಡಿಸ್ಕನ್ನು ಆ ಒಂದು ದಿನ ಬೇರೆ ಗಿರಾಕಿಯ ಡಾಟಾ ಇಡಲು ಬಳಸಿದ್ದಾರೆ. ಕೆಲಸ ಮುಗಿದ ಮೇಲೆ ಅಳಿಸಿದ್ದಾರೆ. ಅಪ್ಪನ ಆಟಗಳು ಹೋದದ್ದು ಫಾರ್ಮ್ಯಾಟಿಗಿಂತ ಜಾಸ್ತಿ ಇದರಿಂದ. ಕೇಳಿದರೆ, "ಅದು ನಮ್ದಲ್ಲ ಮೇಡಂ, ನಿಮ್ಮ ಡಿಸ್ಕಲ್ಲೇ ಮೊದಲಿಂದ ಇದ್ದದ್ದು" ಅಂದ. ಆ ಮದುವೆ ಮನೆಯವರಿಗೆ ತಮ್ಮ ಫೋಟೋ ಯಾರ ಯಾರ ಡಿಸ್ಕಿನಲ್ಲಿದೆ ಅಂತ ಗೊತ್ತಿದೆಯಾ? ನಾನು ಅವನ್ನೆಲ್ಲ ಅಳಿಸಿದೆ. ಎಲ್ಲರೂ ಅಳಿಸುತ್ತಾರಾ?

ಇನ್ನು ನಿಜವಾದ ಕನ್ವರ್ಟ್ ವಿಷಯ. ಅದು ವಿಂಡೋಸ್‌ನಲ್ಲೇ ಇದೆ. ಏನೂ ಕೊಳ್ಳಬೇಕಿಲ್ಲ. ಕಮಾಂಡ್ ಪ್ರಾಂಪ್ಟನ್ನು (ಆದೇಶ ಬರೆಯುವ ಕಪ್ಪು ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷಿನಲ್ಲಿ ಕನ್ವರ್ಟ್ ಅಂತ ಬರೆದು, ಜಾಗ ಬಿಟ್ಟು ಡ್ರೈವಿನ ಅಕ್ಷರ ಮತ್ತು ಕೋಲನ್, ಮತ್ತೆ ಜಾಗ ಬಿಟ್ಟು ಸ್ಲ್ಯಾಶ್, ಎಫ್‌ಎಸ್, ಕೋಲನ್, ಎನ್‌ಟಿಎಫ್‌ಎಸ್. ಡ್ರೈವಿನ ಈಗಿನ ಹೆಸರು ಕೇಳುತ್ತದೆ, ಬರೆದು ಎಂಟರ್ ಒತ್ತಬೇಕು. ಅಷ್ಟೇ. ಮನೆಯಲ್ಲಿದ್ದ ಹಳೆ ಪೆನ್‌ಡ್ರೈವಿನ ಮೇಲೆ ಮಾಡಿ ನೋಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಫೈಲುಗಳು ಹಾಗೇ, ಫೋಲ್ಡರುಗಳು ಹಾಗೇ, ಪೆನ್‌ಡ್ರೈವಿನ ಹೆಸರೂ ಹಾಗೇ. ಅವತ್ತು ಬಂದಷ್ಟು ಸಿಟ್ಟು ಅಂಗಡಿಯಲ್ಲೂ ಬಂದಿರಲಿಲ್ಲ. ಒಂದು ಸಾಲು ಬರೆಯುವ ಕೆಲಸ ಅದು!

ನೀವು ಮಾಡುವುದಾದರೆ ಮೊದಲು ಕಾಪಿ ತೆಗೆಯಿರಿ. ಕನ್ವರ್ಟ್ ಮಾಡುವಾಗಲೂ ಮಧ್ಯದಲ್ಲಿ ಕರೆಂಟ್ ಹೋದರೆ ಅಪಾಯವೇ. ನಮ್ಮ ಕಡೆ ಮಳೆಗಾಲದ ಕರೆಂಟ್ ನಂಬುವ ಹಾಗಿಲ್ಲ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಚೆಕ್‌ಡಿಸ್ಕ್ ಒಂದು ಸಲ ಓಡಿಸಿ, ಅದು ಡಿಸ್ಕಿನಲ್ಲಿ ದೋಷ ಇದೆಯಾ ಅಂತ ನೋಡುತ್ತದೆ. ಡಿಸ್ಕ್ ಪೂರ್ತಿ ತುಂಬಿದ್ದರೆ ಸ್ವಲ್ಪ ಖಾಲಿ ಮಾಡಿ, ಜಾಗ ಇಲ್ಲದಿದ್ದರೆ ಅದು ಆಗುವುದಿಲ್ಲ ಅನ್ನುತ್ತದೆ. ಒಂದು ಸಲ ಎನ್‌ಟಿಎಫ್‌ಎಸ್ ಆದ ಮೇಲೆ ಆ ಕಮಾಂಡಿನಿಂದ ವಾಪಸ್ ಫ್ಯಾಟ್32 ಮಾಡಲಾಗುವುದಿಲ್ಲ. ಕೆಲವು ಹಳೆ ಟಿವಿಗಳು ಎನ್‌ಟಿಎಫ್‌ಎಸ್ ಓದುವುದಿಲ್ಲ. ಮ್ಯಾಕ್ ಕಂಪ್ಯೂಟರ್ ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಬೇಕು ಅಂದರೆ ಈ ಕಮಾಂಡ್ ಉಪಯೋಗವಿಲ್ಲ, ಅದಕ್ಕೆ ಫಾರ್ಮ್ಯಾಟೇ ಮಾಡಬೇಕು. ಇದನ್ನೆಲ್ಲ ಅವನು ಕೇಳಲೇ ಇಲ್ಲ, ಟಿವಿ ಯಾವುದು ಅಂತ ಕೂಡ ಕೇಳಲಿಲ್ಲ. ಅಂಗಡಿಗೆ ಕೊಡಲೇಬೇಕಾದರೆ ಎದುರು ಕೂತು ಮಾಡಿಸಿ. ಬಿಟ್ಟು ಬರಬೇಡಿ. ದುಡ್ಡು ಕೊಡುವ ಮುಂಚೆ ನಿಮ್ಮ ಫೈಲ್ ನೀವೇ ತೆರೆದು ನೋಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಇಟ್ಟುಕೊಂಡಿದ್ದೇನೆ.

ಸುಮಾರು 180 ಫೈಲಿನಲ್ಲಿ ಸರಿಯಾಗಿ ಓಡುವುದು 97. ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಅಪ್ಪ ದಿನಾ ಸಂಜೆ ಕೂತು ಒಂದೊಂದೇ ಕೇಳುತ್ತಾರೆ. ಭಾಗವತರ ಧ್ವನಿ ಕೇಳಿ, ಪದ್ಯ ಕೇಳಿ ಇದು ಯಾವ ಊರಿನದು, ಯಾವ ವರ್ಷದ್ದು ಅಂತ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನನಗೆ ಒಂದು ಮಾತೂ ಬೈದಿಲ್ಲ. 2014ರಲ್ಲಿ ನಮ್ಮ ಮನೆಯವರೇ ಆಡಿಸಿದ ಹರಕೆ ಆಟ ಮಾತ್ರ ಇನ್ನೂ ಸಿಕ್ಕಿಲ್ಲ. ಅವತ್ತು ರಂಗಸ್ಥಳದ ಬಲಗಡೆ ಇನ್ನೊಬ್ಬರು ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದರು ಅಂತ ಅಪ್ಪ ಹೇಳುತ್ತಾರೆ. ಸಿದ್ದಾಪುರ, ಸಾಗರ ಕಡೆಯಿಂದ ಬಂದವರಿರಬೇಕು. ಅದು ನೀವೇ ಆಗಿದ್ದರೆ, ಆ ರೆಕಾರ್ಡಿಂಗ್ ಇನ್ನೂ ನಿಮ್ಮ ಹತ್ತಿರ ಇದ್ದರೆ, ದಯವಿಟ್ಟು ತಿಳಿಸಿ. ಡಿಸ್ಕ್ ತೆಗೆದುಕೊಂಡು ನಾನೇ ಬರುತ್ತೇನೆ.